ಅಪ್ಪನಿಗೆ ಕೇಳದೇ ಉಳಿದ ಪ್ರಶ್ನೆಗಳು

ಇಂಗ್ಲೆಂಡಿನಲ್ಲಿ ನಾನು ನರ್ಸ್ ಆಗಿರುವ ವೃದ್ಧಾಶ್ರಮದಲ್ಲಿ ಪ್ರತಿ ಹಿರಿಯರ ಹೆಸರಿನಲ್ಲೂ ಎರಡು ಫೈಲ್ ಇರುತ್ತವೆ. ಒಂದರಲ್ಲಿ ಕಾಯಿಲೆ, ಮಾತ್ರೆಯ ವಿವರ. ಇನ್ನೊಂದರಲ್ಲಿ ಹುಟ್ಟಿದೂರು, ಮಾಡಿದ ಕೆಲಸ, ಮದುವೆ ಫೋಟೊ, ಕಳೆದುಕೊಂಡ ಮಗುವಿನ ಹೆಸರು, ಟೀಗೆ ಎಷ್ಟು ಸಕ್ಕರೆ ಎಂಬುದೂ. ಡ್ಯೂಟಿಗೆ ಹೊಸದಾಗಿ ಬಂದವರು ಇದನ್ನೂ ಓದಲೇಬೇಕು.

ಮುದುಕರು ಹಳೆಯದನ್ನೇ ಮಾತಾಡಿದರೆ ಅರಳುಮರಳು ಎಂದು ತಳ್ಳಿಹಾಕುತ್ತಿದ್ದ ಕಾಲದಲ್ಲಿ, 1963ರಲ್ಲಿ, ಅಮೆರಿಕದ ಮನೋವೈದ್ಯ ರಾಬರ್ಟ್ ಬಟ್ಲರ್ ಬೇರೆ ಮಾತು ಹೇಳಿದರು. ಸಾವು ಹತ್ತಿರವಾಗುತ್ತಿದೆ ಅನ್ನಿಸಿದಾಗ ಮನಸ್ಸು ತಾನಾಗಿಯೇ ಬದುಕನ್ನು ತಿರುಗಿ ನೋಡುತ್ತದೆ, ಇತ್ಯರ್ಥವಾಗದೆ ಉಳಿದದ್ದನ್ನು ಮತ್ತೆ ಮೇಲೆತ್ತುತ್ತದೆ, ಅದು ಸಹಜ ಎಂದರು. ಆಮೇಲೆ ಬಂದವರು ಇದನ್ನೇ ಒಂದು ಕ್ರಮಕ್ಕೆ ತಂದರು. ವಾರಕ್ಕೊಂದು ಗಂಟೆ, ಆರರಿಂದ ಎಂಟು ವಾರ, ಬಾಲ್ಯದಿಂದ ಹಿಡಿದು ಇವತ್ತಿನವರೆಗೆ, ಸುಖ ದುಃಖ ಎರಡನ್ನೂ ಬಿಡದೆ ಕೇಳುವುದು. ಹೀಗೆ ಹೇಳಿಕೊಂಡವರಲ್ಲಿ ಖಿನ್ನತೆ ಕಡಿಮೆಯಾಗಿ ಬದುಕಿನ ಬಗ್ಗೆ ಸಮಾಧಾನ ಹೆಚ್ಚಿದ್ದನ್ನು ಹಲವು ಅಧ್ಯಯನಗಳು ಕಂಡಿವೆ. ಆದರೆ ಒಂದೇ ಕಹಿಯನ್ನು ಮತ್ತೆ ಮತ್ತೆ ಮೆಲುಕು ಹಾಕುವವರ ಮನಸ್ಸು ಇನ್ನಷ್ಟು ಕುಗ್ಗಿರುವುದೂ ಕಂಡಿದೆ.

ನಮ್ಮ ಮಂಡ್ಯದಲ್ಲಿ ಜಗಲಿ ಇದೆ, ಮಾತಿಗೆ ಜನ ಇದ್ದಾರೆ, ಇದೆಲ್ಲ ನಮಗ್ಯಾಕೆ ಎಂದು ನೀವು ಕೇಳಬಹುದು. ಜಗಲಿಯ ಮೇಲೆ ನಮ್ಮಪ್ಪ ಹೇಳುವುದು ಒಂದೇ ಕತೆ. ಭಾಗವಾದಾಗ ನಾಲೆ ಪಕ್ಕದ ಗದ್ದೆ ದೊಡ್ಡಪ್ಪನಿಗೆ ಹೋಯಿತು, ಅಪ್ಪನಿಗೆ ಸಿಕ್ಕಿದ್ದು ನೀರು ಕೊನೆಗೆ ತಲುಪುವ ಗದ್ದೆ. ಮೇಲಿನವರೆಲ್ಲ ಕಟ್ಟಿಕೊಂಡು ಬಿಟ್ಟ ಮೇಲೆ ನೀರು, ಅದೂ ನಡುರಾತ್ರಿ. ಕಬ್ಬು ಒಣಗಿದ್ದು, ಆಲೆಮನೆ ನಿಂತಿದ್ದು. ಕೇಳುವವರು "ಹೌದು ಬುಡಿ ಗೌಡ್ರೆ" ಅಂದು ಎದ್ದುಹೋಗುತ್ತಾರೆ. ಕತೆ ಅಲ್ಲಿಂದಾಚೆಗೆ ದಾಟುವುದೇ ಇಲ್ಲ.

ಹಾಗಾಗಿ ಭಾನುವಾರದ ಫೋನಿನಲ್ಲಿ ನಾನು ಭಾಗದ ವಿಷಯವನ್ನು ಮುಟ್ಟದೆ ಅಪ್ಪನ ಚಿಕ್ಕಂದಿನಿಂದ ಶುರು ಮಾಡಿದೆ. ಮನೆಯಲ್ಲಿ ಯಾರ್ಯಾರಿದ್ದರು, ಯಾರ ಪಕ್ಕ ಮಲಗುತ್ತಿದ್ದೆ, ಹುಷಾರಿಲ್ಲದಾಗ ನೋಡಿಕೊಂಡವರು ಯಾರು? ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: "ಕಾಮಾಲೆ ಆಗಿ ಮಲ್ಗಿದ್ನಲ್ಲ, ಆಗ ಸೈಕಲ್ ಮ್ಯಾಲೆ ಕೂರಿಸ್ಕಂಡು ಮಂಡ್ಯಕ್ಕೆ ಕರ್ಕಂಡೋದೋನು ನಮ್ಮಣ್ಣನೇ ಕನವ್ವ. ಬೀಳ್ತೀನಿ ಅಂತ ಟವಲ್‌ನಾಗೆ ಸೊಂಟಕ್ಕೆ ಕಟ್ಕಂಡಿದ್ದ."

ಈ ಮಾತನ್ನು ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಅವ್ವನೂ ಕೇಳಿರಲಿಲ್ಲ. ಅಣ್ಣತಮ್ಮಂದಿರು ಇದರಿಂದ ಒಂದಾಗಲಿಲ್ಲ, ಅಪ್ಪ ದೊಡ್ಡಪ್ಪನ ಮನೆ ಮೆಟ್ಟಿಲನ್ನು ಇನ್ನೂ ತುಳಿದಿಲ್ಲ. ಆದರೆ ಈಗ ಭಾಗದ ಕತೆ ಹೇಳುವಾಗ ಸೈಕಲ್ ಕತೆಯನ್ನೂ ಸೇರಿಸಿಯೇ ಹೇಳುತ್ತಾನಂತೆ. ಅನ್ಯಾಯ ಅನ್ಯಾಯವಾಗಿಯೇ ಉಳಿದಿದೆ, ಅಣ್ಣ ಮಾತ್ರ ಅಣ್ಣನಾಗಿ ವಾಪಸ್ ಬಂದಿದ್ದಾನೆ. ನನಗೆ ಇದೇ ದೊಡ್ಡದು.

ಊರಿನಲ್ಲಿ ಹಿರಿಯರ ಜೊತೆ ಇರುವವರಿಗೆ ನನ್ನಷ್ಟು ದೂರದ ಕಷ್ಟವಿಲ್ಲ. ಸಂಜೆ ಸೀರಿಯಲ್ ಶುರುವಾಗುವ ಮುಂಚೆ ಒಂದು ಹಳೇ ಫೋಟೊ ಕೈಗೆ ಕೊಟ್ಟು ಕೂತುಕೊಳ್ಳಿ. ಇಸವಿ ತಪ್ಪಿದರೆ ತಿದ್ದಬೇಡಿ. ಅತ್ತರೆ ಮಾತು ಬದಲಿಸಬೇಡಿ, ಬೇಡ ಎಂದರೆ ಕೆದಕಬೇಡಿ. ಹತ್ತರಿಂದ ಮೂವತ್ತರ ವಯಸ್ಸಿನ ನೆನಪುಗಳು ಮುಪ್ಪಿನಲ್ಲಿ ಹೆಚ್ಚು ಸ್ಪಷ್ಟವಾಗಿರುತ್ತವೆ, ಮಾತು ನಿಂತಾಗ ಅಲ್ಲಿಗೆ ಹೋಗಿ. ಊಟ ನಿದ್ದೆ ಬಿಟ್ಟು, "ನಾನಿದ್ದು ಏನು ಪ್ರಯೋಜನ" ಎನ್ನುತ್ತಿದ್ದರೆ ಮಾತ್ರ ಕತೆ ಕೇಳುವುದಷ್ಟೇ ಸಾಲದು, ವೈದ್ಯರಿಗೆ ತೋರಿಸಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಅಪ್ಪ ಈಗ ಪೌರಾಣಿಕ ನಾಟಕ ಕಲಿತ ವರ್ಷಗಳಿಗೆ ಬಂದಿದ್ದಾನೆ. ಭೀಮನ ಪಾತ್ರಕ್ಕೆ ದುಡ್ಡು ಕಟ್ಟಿದವರು ಯಾರು ಎಂದು ಬರುವ ಭಾನುವಾರ ಕೇಳಬೇಕು.