ನಾನು ಎದ್ದು ನಿಂತದ್ದಲ್ಲ, ನಿಂತೇ ಇದ್ದೆ

ಇಲ್ಲ, ನಾನು ಪಾದ್ರಿಯಾಗಲಿಲ್ಲ. ಈ ಉತ್ತರವನ್ನು ಮದುವೆಯ ಊಟದ ಸಾಲಿನಲ್ಲಿ ತಟ್ಟೆ ಹಿಡಿದುಕೊಂಡು ಹೇಳಿದ್ದೇನೆ, ಸ್ಮಶಾನದ ಗೇಟಿನ ಬಳಿ ಹೇಳಿದ್ದೇನೆ, ಒಮ್ಮೆ ಹಲ್ಲಿನ ವೈದ್ಯರ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡೇ ಹೇಳಲು ನೋಡಿದ್ದೇನೆ. ಇನ್ನು ಹೇಳುವುದಿಲ್ಲ. ಬರೆದಿಟ್ಟಿದ್ದೇನೆ, ಓದಿಕೊಳ್ಳಿ.

ಪ್ರಶ್ನೆ ಹೀಗಿರುತ್ತದೆ: "ದೇವರ ವಿಷಯದಲ್ಲಿ ಇಷ್ಟು ಭಕ್ತಿ ಇದ್ದವರು ನೀವೇಕೆ ಸೇವೆಗೆ ಹೋಗಲಿಲ್ಲ?" ಕೇಳುವವರು ಒಳ್ಳೆಯವರೇ. ಆದರೆ ಆ 'ಸೇವೆಗೆ ಹೋಗುವುದು' ಎಂಬ ಮಾತು ನನಗೆ ಮುಳ್ಳು. ದುಬೈಗೆ ಹೋದ ಹಾಗೆ, ಸೈನ್ಯಕ್ಕೆ ಹೋದ ಹಾಗೆ, ಸೇವೆಯೂ ಎಲ್ಲೋ ಇರುವ ಜಾಗ. ಹೋದವರು ಹೋದರು, ನನ್ನಂಥವರು ಬಸ್ ತಪ್ಪಿಸಿಕೊಂಡು ನಿಲ್ದಾಣದಲ್ಲೇ ಉಳಿದರು. ಇನ್ನು ಕೆಲವರು 'ಪೂರ್ಣಾವಧಿ ಸೇವೆ' ಎನ್ನುತ್ತಾರೆ. ಅಂದರೆ ನಮ್ಮದು ಅರೆಕಾಲಿಕ, ಭವಿಷ್ಯನಿಧಿ ಇಲ್ಲದ್ದು. ಬ್ಯಾಂಕಿನಲ್ಲಿ ನನ್ನ ಪಕ್ಕದ ಮೇಜಿನವರು ನಮ್ಮ ಪ್ರೊಟೆಸ್ಟೆಂಟ್ ಸಭೆಯಲ್ಲಿ ಸಂಸಾರಸ್ಥರೂ ಪಾದ್ರಿಯಾಗಬಹುದು ಎಂದು ತಿಳಿಯದೆ, ಒಮ್ಮೆ ನನ್ನ ಹೆಂಡತಿಯನ್ನು ನೋಡಿ "ಓ, ಅದಕ್ಕಾ" ಎಂದರು. ಹೆಂಡತಿ ಅವರಿಗೆ ಅಂದು ಚಹಾ ಕೊಡಲಿಲ್ಲ.

ಈ ಪ್ರಶ್ನೆ ಹುಟ್ಟಿದ ದಿನ ನನಗೆ ಚೆನ್ನಾಗಿ ನೆನಪಿದೆ. 1991ರ ಜುಲೈ. ನಮ್ಮ ದೇವಾಲಯದಲ್ಲಿ ಮೂರು ದಿನದ ಉಜ್ಜೀವನ ಕೂಟ, ಅಂದರೆ ಭಕ್ತಿಯನ್ನು ಮತ್ತೆ ಹೊತ್ತಿಸುವ ಕೂಟ. ಹೊರಗೆ ಮಂಗಳೂರಿನ ಮಳೆ. ಅದನ್ನು ನೋಡದವರಿಗೆ ವಿವರಿಸಿ ಪ್ರಯೋಜನವಿಲ್ಲ. ಆ ವರ್ಷ ಬೇಸಿಗೆಯಲ್ಲಿ ಮಾಡಿನ, ಅಂದರೆ ಹಂಚಿನ ಛಾವಣಿಯ, ಕೆಲಸಕ್ಕೆ ಸಭೆಯಲ್ಲಿ ಹಣವಿರಲಿಲ್ಲ. ಕೂಟಕ್ಕೆ ಇತ್ತು. ಬೋಧಕರ ಪ್ರಸಂಗ ನಡುವೆ ಮುಟ್ಟುವಾಗ ಬಲಬದಿಯ ನಾಲ್ಕನೆಯ ಬೆಂಚಿನ ಮೇಲೆ ನೀರು ತೊಟ್ಟಿಕ್ಕಲು ತೊಡಗಿತು. ಬಕೆಟ್ ಇಟ್ಟರೆ ಟಪ್ ಟಪ್ ಎಂದು ಪ್ರಸಂಗಿಗಿಂತ ಜೋರಾಗಿ ಅದೇ ಮಾತನಾಡುತ್ತಿತ್ತು. ಆದ್ದರಿಂದ ನಾನು ಬಕೆಟನ್ನು ಎರಡೂ ಕೈಯಲ್ಲಿ ಎದೆಯೆತ್ತರಕ್ಕೆ ಹಿಡಿದು, ಒಳಗೆ ಒಂದು ಗೋಣಿಚೂರು ಹಾಕಿ, ಸೋರುವ ಜಾಗದ ಕೆಳಗೆ ನಿಂತೆ. ಸದ್ದು ನಿಂತಿತು. ನನಗೆ ಹೆಮ್ಮೆಯೂ ಆಯಿತು.

ಪ್ರಸಂಗ ಮುಗಿಸುತ್ತಾ ಬೋಧಕರು ಎಲ್ಲರಿಗೂ ಕಣ್ಣು ಮುಚ್ಚಲು ಹೇಳಿದರು. ತಾವೂ ಅರ್ಧ ಮುಚ್ಚಿದರು. "ತಮ್ಮ ಜೀವಿತವನ್ನು ಪೂರ್ತಿಯಾಗಿ ಕರ್ತನ ಸೇವೆಗೆ ಒಪ್ಪಿಸಿಕೊಡುವವರು ಎದ್ದು ನಿಲ್ಲಿರಿ" ಎಂದರು. ಯಾರೂ ಏಳಲಿಲ್ಲ. ಮಳೆ. ಮತ್ತೊಮ್ಮೆ ಕರೆದರು. ಆಮೇಲೆ ಅವರ ಧ್ವನಿ ಥಟ್ಟನೆ ಕರಗಿತು: "ದೇವರಿಗೆ ಸ್ತೋತ್ರ, ಒಬ್ಬ ಸಹೋದರ ನಿಂತಿದ್ದಾನೆ." ಆ ಸಹೋದರ ಯಾರೆಂದು ನೋಡಲು ನಾನೂ ತಿರುಗಿದೆ.

ಕೂತುಕೊಳ್ಳಬಹುದಿತ್ತು. ಬಕೆಟ್ ಮುಕ್ಕಾಲು ತುಂಬಿತ್ತು, ಮುಂದಿನ ಬೆಂಚಿನಲ್ಲಿ ಅತ್ತೆಯಂದಿರು ರೇಷ್ಮೆ ಸೀರೆಯಲ್ಲಿ ಕೂತಿದ್ದರು. ಬೋಧಕರು ಇಳಿದು ಬಂದು ನನ್ನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ದೀರ್ಘವಾದ ಪ್ರಾರ್ಥನೆ, ನನ್ನ ತೋಳು ನಡುಗುತ್ತಿತ್ತು, ಅವರು ಅದನ್ನು ಪವಿತ್ರಾತ್ಮನ ಲೆಕ್ಕಕ್ಕೆ ಬರೆದುಕೊಂಡರು. ಬಕೆಟನ್ನು ಅವರು ಕಂಡಿದ್ದರೋ ಇಲ್ಲವೋ ಇಂದಿಗೂ ತಿಳಿಯದು. ಅಂದಿನಿಂದ ಸಭೆಯಲ್ಲಿ ನಾನು 'ಒಪ್ಪಿಸಿಕೊಟ್ಟವನು'. ಮರುವಾರದಿಂದಲೇ ಶುರು: "ಯಾವಾಗ ಹೋಗುತ್ತಿ?" ಒಂದೆರಡು ವರ್ಷದ ಮೇಲೆ "ಏಕೆ ಹೋಗಲಿಲ್ಲ?" ಈಗ ನಿವೃತ್ತನಾದ ಮೇಲೆ, ತುಸು ಅನುಕಂಪದಿಂದ, "ಹೋಗಬೇಕಿತ್ತು, ಅಲ್ಲವೇ?"

ಆ ಕೂಟದ ಮುಂದಿನ ಮೇ ತಿಂಗಳಲ್ಲಿ ನಾನು ಮಾಡು ಹತ್ತಿದೆ. ಮೂವತ್ತಕ್ಕೂ ಹೆಚ್ಚು ಬೇಸಿಗೆ ಹತ್ತಿದ್ದೇನೆ. ಮಂಗಳೂರು ಹಂಚಿನ ಮಾಡು ಗೊತ್ತಿಲ್ಲದವರಿಗೆ ಹೇಳುತ್ತೇನೆ, ಇದರ ಹಂಚಿನ ಸಾಲುಗಳಲ್ಲಿ ಮೊಳೆಯಿಲ್ಲ, ಗಾರೆಯಿಲ್ಲ. ಒಂದು ಹಂಚಿನ ಅಂಚು ಇನ್ನೊಂದರ ಗಾಡಿಯಲ್ಲಿ, ಅಂದರೆ ಅಂಚಿನ ಸಣ್ಣ ಕಾಲುವೆಯಲ್ಲಿ, ಕೂರುತ್ತದೆ, ಹಿಂಬದಿಯ ಮುಂಗುಳಿ ಎಂಬ ಉಬ್ಬು ರೀಪಿಗೆ, ಅಂದರೆ ಮರದ ಅಡ್ಡಪಟ್ಟಿಗೆ, ಕಚ್ಚಿಕೊಳ್ಳುತ್ತದೆ, ಉಳಿದದ್ದನ್ನು ತೂಕ ನೋಡಿಕೊಳ್ಳುತ್ತದೆ. ಗಾಡಿಯಲ್ಲಿ ಪಾಚಿ ಕಟ್ಟಿದರೆ ನೀರು ಹಿಮ್ಮುಖವಾಗಿ ಏರಿ ಒಳಗೆ ಇಳಿಯುತ್ತದೆ. ಒಂದು ಹಂಚು ಬಿರಿದು ಎರಡು ಮಳೆಗಾಲ ಬಿಟ್ಟರೆ ರೀಪು ಕೊಳೆಯುತ್ತದೆ, ಆಮೇಲೆ ರೀಪನ್ನು ಹೊತ್ತ ಪಕ್ಕಾಸು. ಬರಿಗಾಲಲ್ಲಿ ಹತ್ತಬೇಕು, ರೀಪು ಇರುವಲ್ಲೇ ಹೆಜ್ಜೆ ಇಡಬೇಕು. ಇನ್ನೊಂದು ಗುಟ್ಟು: ನೀರು ತೊಟ್ಟಿಕ್ಕುವ ಜಾಗದ ಮೇಲೆ ಒಡೆದ ಹಂಚು ಸಾಮಾನ್ಯವಾಗಿ ಇರುವುದಿಲ್ಲ. ನೀರು ರೀಪು ಹಿಡಿದು ಜಾರಿ ಎರಡು ಗಜ ಆಚೆ ಬೀಳುತ್ತದೆ. ಇದನ್ನು ಕಲಿಯಲು ನನಗೆ ಮೂರು ವರ್ಷ ಬೇಕಾಯಿತು. ಅಷ್ಟು ಹೊತ್ತಿಗೆ ಪಾದ್ರಿಯೇ ಆಗಬಹುದಿತ್ತು.

ನಮ್ಮ ಮಾಡಿನ ಹಳೆಯ ಹಂಚುಗಳ ಹಿಂಬದಿಯಲ್ಲಿ 'ಬಾಸೆಲ್ ಮಿಶನ್ ಟೈಲ್ ವರ್ಕ್ಸ್, 1865' ಎಂಬ ಅಚ್ಚು ಇದೆ, ಇಂಗ್ಲಿಷಿನಲ್ಲಿ. ಚಿಕ್ಕಂದಿನಲ್ಲಿ ಪ್ರಸಂಗದ ಹೊತ್ತಿನಲ್ಲಿ ಕತ್ತೆತ್ತಿ ಅದನ್ನು ಕೂಡಿಸಿ ಓದುತ್ತಿದ್ದೆ. ನನ್ನ ಇಂಗ್ಲಿಷ್ ವಿದ್ಯೆ ಅಲ್ಲಿಂದ ಆರಂಭ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ, ಸುವಾರ್ತೆ ಸಾರಲು. ಕ್ರೈಸ್ತರಾದವರಿಗೆ ಜಾತಿ ಹೋಯಿತು, ಜಾತಿಯ ಜತೆ ಕಸುಬೂ ಮನೆಯೂ ಹೋಯಿತು. ಸಾರಿದರೆ ಮುಗಿಯಲಿಲ್ಲ, ಅನ್ನಕ್ಕೆ ದಾರಿಯಾಗಬೇಕು. ಮಗ್ಗ ಹಾಕಿದರು, ಅಚ್ಚುಕೂಟ ತೆರೆದರು. ಅಚ್ಚುಕೂಟದ ಕೆಲಸ ಬಲ್ಲ ಗೆಯೋರ್ಗ್ ಪ್ಲೆಬ್‌ಸ್ಟ್ ಎಂಬವರು ನೇತ್ರಾವತಿಯ ಜೇಡಿಮಣ್ಣನ್ನು ಮುಟ್ಟಿ ನೋಡಿ, ಸುಟ್ಟು ನೋಡಿ, 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ನಿಲ್ಲಿಸಿದರು. ನನ್ನ ಅಜ್ಜ ಅಂಥದ್ದೇ ಒಂದು ಹಂಚಿನ ಕಾರ್ಖಾನೆಯಲ್ಲಿ ಗೂಡಿಗೆ ಸೌದೆ ಹಾಕುತ್ತಿದ್ದರು. ಪ್ಲೆಬ್‌ಸ್ಟ್ ಅವರನ್ನು ಯಾರಾದರೂ "ಇಷ್ಟು ದೂರ ಬಂದು ಮಣ್ಣು ಮೆಟ್ಟಿಸುತ್ತೀರಲ್ಲ, ಸೇವೆಗೆ ಯಾವಾಗ ಹೋಗುತ್ತೀರಿ" ಎಂದು ಕೇಳಿರಬಹುದೇ? ಕೇಳಿಯೇ ಇರುತ್ತಾರೆ ಎಂಬುದು ನನ್ನ ಗುಮಾನಿ. ಕಿಟೆಲ್ ಅವರ ಮಾತೂ ಅದೇ. 1853ರಲ್ಲಿ ಬಂದದ್ದು ಬೋಧನೆಗೆ. ಕನ್ನಡಿಗರ ಮನೆಯಲ್ಲಿ ಉಳಿದದ್ದು 1894ರ ನಿಘಂಟು. ಅವರ ಪ್ರಸಂಗಗಳಲ್ಲಿ ಒಂದು ಸಾಲನ್ನಾದರೂ ಬಲ್ಲವರು ನಮ್ಮ ಸಭೆಯಲ್ಲಿ ಯಾರಿದ್ದಾರೆ?

ಇಷ್ಟು ಹೊತ್ತು ನಾನು ವಕೀಲಿಕೆ ಮಾಡುತ್ತಿದ್ದೆ ಎಂಬುದು ನಿಮಗೆ ಗೊತ್ತಾಗಿರಬೇಕು. ನನಗೂ ಗೊತ್ತು. ಪ್ಲೆಬ್‌ಸ್ಟ್, ಕಿಟೆಲ್ ಎಂದು ದೊಡ್ಡವರ ಬೆನ್ನ ಹಿಂದೆ ನಿಂತರೆ ಬ್ಯಾಂಕಿನ ಗುಮಾಸ್ತನೂ ಎತ್ತರವಾಗಿ ಕಾಣುತ್ತಾನೆ.

ನಿಜವನ್ನೇ ಹೇಳುತ್ತೇನೆ. ಆ ಬಕೆಟಿನ ದಿನಕ್ಕೆ ಐದು ವರ್ಷ ಮೊದಲು, ಯಾರೂ ಕೇಳದೆ, ನಾನೇ ಬಲ್ಮಠದ ಗುಡ್ಡ ಹತ್ತಿ, ಪಾದ್ರಿಯಾಗುವವರು ಓದುವ ದೈವಜ್ಞಾನ ಕಾಲೇಜಿನ ಅರ್ಜಿ ತಂದಿದ್ದೆ. ಆರಾಧನೆಯ ಸಂಗೀತ ಪುಸ್ತಕದೊಳಗೆ ಮಡಿಸಿಟ್ಟಿದ್ದೆ. ಅದೇ ತಿಂಗಳು ಬ್ಯಾಂಕಿನ ನೇಮಕಾತಿ ಪತ್ರ ಬಂತು. ಇಲ್ಲಿ ಕೇಳುವವರು ಮುಂದಕ್ಕೆ ಬಾಗುತ್ತಾರೆ: ಬೈಬಲಿನ ಯೋನನ ಹಾಗೆ ದೇವರ ಕರೆಯಿಂದ ಓಡಿ ಹೋದ ಕಥೆ, ಹಡಗು, ಬಿರುಗಾಳಿ, ಮೀನಿನ ಹೊಟ್ಟೆ ಏನಾದರೂ ಇರಬೇಕು ಎಂದು. ಏನೂ ಇರಲಿಲ್ಲ. ಪತ್ರ ನೋಡಿ ಖುಷಿಯಾಯಿತು. ತಿಂಗಳಿಗೆ ಎಷ್ಟು ಎಂದು ಓದಿ ಮತ್ತೂ ಖುಷಿಯಾಯಿತು. ಅರ್ಜಿ ಸಂಗೀತ ಪುಸ್ತಕದಲ್ಲೇ ಉಳಿಯಿತು, ಹುಳ ತಿಂದಿತು. ದೇವರು ಬೇಡವೆಂದನೋ, ನಾನು ಕೇಳಲೇ ಇಲ್ಲವೋ, ಬಿಡಿಸಿ ನೋಡುವ ಧೈರ್ಯ ನನಗೆ ಬರಲಿಲ್ಲ. ನನ್ನ ಉತ್ತರ ಇಷ್ಟೇ. ಇದಕ್ಕಾಗಿ ನೀವು ಊಟದ ಸಾಲು ನಿಲ್ಲಿಸುತ್ತಿದ್ದಿರಿ.

ಒಬ್ಬರೂ ಕೇಳದ ಪ್ರಶ್ನೆ ಒಂದಿದೆ. ಹತ್ತಲಾಗದ ವರ್ಷ ಬಂದಾಗ ನಿಮ್ಮ ಭಕ್ತಿಯಲ್ಲಿ ಏನು ಉಳಿಯಿತು?

ಆ ವರ್ಷ ಬಂದಿದೆ. ಕಳೆದ ಮೇಯಲ್ಲಿ ಎಡ ಮೊಣಕಾಲು ಏಣಿಯ ಮೂರನೆಯ ಮೆಟ್ಟಿಲಲ್ಲಿ ಮುಷ್ಕರ ಹೂಡಿತು. ವೈದ್ಯರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಮಾಡು ಹತ್ತುವ ಮಾತೆತ್ತಿದೊಡನೆ ನಕ್ಕರು. ಯುವಕ ಸಂಘದ ಮೂವರು ಹತ್ತಿದರು, ಒಬ್ಬ ಬೂಟು ಹಾಕಿಕೊಂಡೇ. ಕೆಳಗೆ ನಿಂತು ಕೂಗಿ ಕೂಗಿ ನನ್ನ ಗಂಟಲು ಕಟ್ಟಿತು. ಆಮೇಲೆ ಭಾನುವಾರಗಳು ಬಂದವು. ಮಳೆ ಬಂತು. ನಾನು ಬೆಂಚಿನಲ್ಲಿ ಕೂತೆ.

ಆಗ ಒಂದು ಸಂಗತಿ ತಿಳಿಯಿತು, ಹೇಳಲು ನಾಚಿಕೆಯಾಗುತ್ತದೆ. ಇಷ್ಟು ವರ್ಷ ನಾನು ಆರಾಧನೆಯಲ್ಲಿ ಕಿವಿಯನ್ನು ಮಾಡಿಗೇ ಕೊಟ್ಟಿದ್ದೆ. ಕರ್ತನ ಪ್ರಾರ್ಥನೆಯ ನಡುವೆ ಹನಿಯ ಸದ್ದು ಹುಡುಕುತ್ತಿದ್ದೆ. ಪಾಪದ ಅರಿಕೆ ಮಾಡುವಾಗ ಪಕ್ಕಾಸು ಎಣಿಸುತ್ತಿದ್ದೆ. ಈಗ ಆ ಕೆಲಸ ನನ್ನದಲ್ಲ, ಕಣ್ಣು ಮುಚ್ಚಿದರೆ ಒಳಗೆ ಯಾರೂ ಇಲ್ಲ. ಖಾಲಿ ಕೋಣೆಯಲ್ಲಿ ಕೆಮ್ಮಿದ ಹಾಗೆ ಒಂದು ಪ್ರಾರ್ಥನೆ.

ಬೈಬಲಿನಲ್ಲಿ ಅಪೊಸ್ತಲ ಪೌಲನು ಫಿಲೆಮೋನನಿಗೆ ಬರೆದ ಪುಟ್ಟ ಪತ್ರ ಮೊದಲಿನಿಂದಲೂ ನನಗೆ ಇಷ್ಟ. ಫಿಲೆಮೋನನ ಬಳಿಯಿಂದ ಓಡಿ ಬಂದ ಆಳು ಒನೇಸಿಮ. ಆ ಹೆಸರಿಗೆ ಗ್ರೀಕಿನಲ್ಲಿ ಪ್ರಯೋಜನಕ್ಕೆ ಬರುವವನು ಎಂದೇ ಅರ್ಥ. ಮೊದಲು ನಿನಗೆ ನಿಷ್ಪ್ರಯೋಜಕನಾಗಿದ್ದ, ಈಗ ನಿನಗೂ ನನಗೂ ಬೇಕಾದವನು ಎಂದು ಪೌಲನು ಹೆಸರಿನ ಜತೆ ಆಟವಾಡುತ್ತಾನೆ. ಆ ಮಾತನ್ನು ನನ್ನ ಬಗ್ಗೆಯೇ ಬರೆದದ್ದೆಂದು ಒಳಗೊಳಗೇ ಇಟ್ಟುಕೊಂಡಿದ್ದೆ. ಲೂಕನ ಸುವಾರ್ತೆಯ ಹದಿನೇಳನೆಯ ಅಧ್ಯಾಯವನ್ನು ಮಾತ್ರ ಬೇಗ ಬೇಗ ದಾಟುತ್ತಿದ್ದೆ. ಅಲ್ಲಿ ಯೇಸು, ಹೇಳಿದ ಕೆಲಸವನ್ನೆಲ್ಲ ಮಾಡಿ ಮುಗಿಸಿದ ಮೇಲೂ ನಾವು ಪ್ರಯೋಜನವಿಲ್ಲದ ಆಳುಗಳು ಎಂದುಕೊಳ್ಳಿ ಎನ್ನುತ್ತಾನೆ. ಕೆಲಸ ಮಾಡದವರಿಗೆ ಹೇಳಿದ್ದಲ್ಲ ಅದು, ಮಾಡಿದವರಿಗೆ. ಎರಡೂ ಒಂದೇ ಪುಸ್ತಕದಲ್ಲಿ ಹೇಗೆ ಇವೆ ಎಂದು ನಮ್ಮ ಅಯ್ಯನವರನ್ನು, ಅಂದರೆ ಸಭೆಯ ಪಾದ್ರಿಯನ್ನು, ಕೇಳಿದೆ. ಅವರು ಒಳ್ಳೆಯ ಉತ್ತರ ಕೊಟ್ಟರು. ಮನೆಗೆ ಬರುವಷ್ಟರಲ್ಲಿ ಮರೆತೆ.

ನಮ್ಮ ಬೀದಿಯ ತುದಿಯಲ್ಲಿ ಒಬ್ಬ ವೃದ್ಧೆ ಇದ್ದಾರೆ. ನಡು ಮುರಿದು ಒಂಬತ್ತು ವರ್ಷದಿಂದ ಮಂಚದಲ್ಲೇ. ತಿಂಗಳಿಗೊಮ್ಮೆ ಅಯ್ಯನವರು ಅವರಿಗೆ ಕರ್ತನ ಭೋಜನದ ಸಂಸ್ಕಾರ ಕೊಡಲು ಹೋಗುವಾಗ ಚೀಲ ಹಿಡಿದುಕೊಂಡು ನಾನೂ ಹೋಗುತ್ತೇನೆ. ಸಾಧ್ವಿ ಎಂದು ತಿಳಿಯಬೇಡಿ. ಸೊಸೆಯನ್ನು ಬೈಯುವುದರಲ್ಲಿ ಅವರ ಸಮಾನರಿಲ್ಲ. ಕೆಲವು ವರ್ಷದ ಹಿಂದೆ ನಾನು, ಈ ಸಲ ಮಾಡು ಒಂದು ಹನಿಯೂ ಸೋರಲಿಲ್ಲ ಎಂದು ಕೊಚ್ಚಿಕೊಂಡಾಗ, "ಸೋರದಿರಲಿ ಎಂದು ನಾನು ದಿನವೂ ಪ್ರಾರ್ಥಿಸಿದ್ದೇನೆ" ಎಂದರು.

"ಹಂಚು ಬದಲಿಸಿದ್ದು ನಾನು" ಎಂದೆ.

"ಬೀಳದೆ ಇಳಿದು ಬಂದದ್ದೂ ನೀನೇ ಅಲ್ಲವೇ?" ಎಂದರು. ಇಬ್ಬರಿಗೂ ಸಿಟ್ಟು ಬಂದಿತ್ತು. ಅಯ್ಯನವರು ನಡುವೆ ಬಂದು ರೊಟ್ಟಿ ಮುರಿದರು.

ಹೋದ ತಿಂಗಳು ಅಯ್ಯನವರು ಇನ್ನೊಂದು ಮನೆಗೆ ಮುಂದೆ ಹೋದಾಗ ಲೋಟ ತೊಳೆದು ಚೀಲಕ್ಕೆ ಹಾಕುತ್ತಾ ನಾನು ಹಿಂದೆ ಉಳಿದೆ. ಆ ವೃದ್ಧೆ ನನ್ನ ಮೊಣಕಾಲನ್ನೇ ನೋಡಿದರು.

"ಈಗ ದೇವಾಲಯದಲ್ಲಿ ಏನು ಮಾಡುತ್ತಿ?" ತುಳುವಿನಲ್ಲೇ ಕೇಳಿದ್ದು, ಮನೆಯಲ್ಲಿ ನಮ್ಮದು ತುಳು, ಆರಾಧನೆಯಲ್ಲಿ ಕನ್ನಡ.

"ಕೂರುತ್ತೇನೆ."

"ಬರೀ ಕೂರುವುದೇ?"

ಬೇರೆ ಯಾರಾದರೂ ಆ 'ಬರೀ' ಹೇಳಿದ್ದರೆ ಜಗಳವಾಗುತ್ತಿತ್ತು. "ಹತ್ತುವುದಕ್ಕಿಂತ ಕಷ್ಟ" ಎಂದೆ.

ಅವರು ದಿಂಬಿನ ಮೇಲೆ ತಲೆ ಸರಿಪಡಿಸಿಕೊಂಡರು. "ನನಗೆ ನಾಲ್ಕು ವರ್ಷ ಹಿಡಿಯಿತು" ಎಂದರು, ಮತ್ತೆ ಸೊಸೆಯನ್ನು ಕೂಗಿದರು, ನನಗೆ ಚಹಾ ತರಲು.