ಸಸ್ಕ್ವೆಹಾನಾ ದಡದಲ್ಲಿ ಹದ್ದುಗಳ ಜೊತೆ ಎರಡು ದಿನ

ಬೆಳಗಿನ ನಾಲ್ಕು ಗಂಟೆಗೆ ನ್ಯೂಜೆರ್ಸಿಯ ಎಡಿಸನ್ ಬಿಟ್ಟೆವು. ಕಾರಿನಲ್ಲಿ ನಾನು ಮತ್ತು ಮಾವ, ಇಬ್ಬರೇ. ಮಾವ ಹೊನ್ನಾವರದವರು. ಮೀನುಗಾರರ ಸೊಸೈಟಿಯಲ್ಲಿ ಮೂವತ್ತು ವರ್ಷ ಲೆಕ್ಕ ಬರೆದು ನಿವೃತ್ತರಾದವರು. ಮಗಳ ಮನೆಗೆ ಬಂದು ಎರಡು ತಿಂಗಳಾಗಿತ್ತು. ನವೆಂಬರಿನ ಚಳಿಗೆ ಎರಡು ಸ್ವೆಟರ್, ಮೇಲೊಂದು ಜಾಕೆಟ್, ಕಿವಿ ಮುಚ್ಚುವ ಟೋಪಿ ಹಾಕಿಕೊಂಡು ಕೂತಿದ್ದರು. ಹಿಂದಿನ ಸೀಟಿನಲ್ಲಿ ಫ್ಲಾಸ್ಕ್ ತುಂಬ ಕಷಾಯ, ಟ್ರೈಪಾಡ್, ಮತ್ತು ದೂರದ ಹಕ್ಕಿಯನ್ನು ಹತ್ತಿರ ತೋರಿಸುವ, ಬಾಡಿಗೆಗೆ ತಂದ 150-600 ಎಂಎಂ ಲೆನ್ಸ್.

ಹೋಗುತ್ತಿದ್ದದ್ದು ಮೇರಿಲ್ಯಾಂಡಿನ ಕೊನೊವಿಂಗೊ ಡ್ಯಾಮಿಗೆ. ಅಲ್ಲಿ ಬಾಲ್ಡ್ ಈಗಲ್‌ಗಳ ಫೋಟೋ ತೆಗೆಯಬೇಕು, ಅದೂ ಹಾರುವಾಗ. ಹೆಸರಿನಲ್ಲಿ ಬೋಳು ಅಂತ ಇದ್ದರೂ ಈ ಹದ್ದಿನ ತಲೆ ಬೋಳಲ್ಲ. ಹಳೆಯ ಇಂಗ್ಲಿಷಿನಲ್ಲಿ ಆ ಪದಕ್ಕೆ ಬಿಳಿ ಮಚ್ಚೆ ಎಂಬ ಅರ್ಥವೂ ಇತ್ತು. ಬಿಳಿ ತಲೆ, ಬಿಳಿ ಬಾಲ, ಕಡುಕಂದು ಮೈ. ರೆಕ್ಕೆ ಬಿಚ್ಚಿದರೆ ಆರರಿಂದ ಏಳೂವರೆ ಅಡಿ. 1782ರಿಂದ ಅಮೆರಿಕದ ರಾಜಮುದ್ರೆಯಲ್ಲಿದೆ. ಆದರೂ ಕಾನೂನಿನ ಪ್ರಕಾರ ರಾಷ್ಟ್ರಪಕ್ಷಿ ಆದದ್ದು 2024ರ ಡಿಸೆಂಬರಿನಲ್ಲಿ.

ಡೆಲವೇರ್ ದಾಟಿ ಡ್ಯಾಮಿನ ಕೆಳಗಿನ ಫಿಶರ್‌ಮನ್ಸ್ ಪಾರ್ಕಿಗೆ ಬಂದಾಗ ಇನ್ನೂ ಬೆಳಕು ಹರಿದಿರಲಿಲ್ಲ. ಸಸ್ಕ್ವೆಹಾನಾ ನದಿಯ ಮೇಲೆ ಮಂಜು. ಡ್ಯಾಮು 1928ರದ್ದು, 94 ಅಡಿ ಎತ್ತರ. ಅದರ ತಲೆಯ ಮೇಲೆ ಹೆದ್ದಾರಿಯೇ ಹೋಗುತ್ತದೆ. ಇನ್ನು ಸುಮಾರು ಹತ್ತು ಮೈಲಿ ಹರಿದರೆ ನದಿ ಚೆಸಪೀಕ್ ಕೊಲ್ಲಿ ಸೇರುತ್ತದೆ.

ಕಾರಿಗೆ ಮೊದಲು ಟಾರ್ಪಾಲು ಹೊದಿಸಿದೆ. ಇಲ್ಲಿ ಕಪ್ಪು ರಣಹದ್ದುಗಳು ಜಾಸ್ತಿ. ಅವಕ್ಕೆ ರಬ್ಬರ್ ಅಂದರೆ ಏನೋ ಆಸೆ. ವೈಪರ್, ಕಿಟಕಿಯ ಬೀಡಿಂಗ್ ಎಲ್ಲ ಕಿತ್ತು ಹಾಕುತ್ತವೆ. ಅಲ್ಲಿಗೆ ಹೋಗುವವರು ಇದೊಂದನ್ನು ಮರೆಯಬೇಡಿ.

ಅಷ್ಟು ಹದ್ದುಗಳು ಅಲ್ಲಿಗೇ ಯಾಕೆ ಬರುತ್ತವೆ? ಡ್ಯಾಮಿನ ಟರ್ಬೈನುಗಳಿಂದಾಗಿ. ನೀರು ಬಿಡುವ ಮೊದಲು ಸೈರನ್ ಕೂಗುತ್ತದೆ, ಕೆಂಪು ದೀಪ ಮಿನುಗುತ್ತದೆ. ಟರ್ಬೈನಿನೊಳಗೆ ಸಿಕ್ಕಿದ ಮೀನುಗಳು ಸತ್ತೋ ಅರೆಪ್ರಜ್ಞೆಯಲ್ಲೋ ಈಚೆ ಬಂದು ತೇಲುತ್ತವೆ. ಹದ್ದು, ಕಡಲಹಕ್ಕಿ, ನೀಲಿ ಬಕ ಎಲ್ಲಕ್ಕೂ ಊಟ. ಉತ್ತರದ ಕೆರೆಗಳು ಹೆಪ್ಪುಗಟ್ಟುವ ಹೊತ್ತಿಗೆ ಅಲ್ಲಿನ ಹದ್ದುಗಳೂ ಇಳಿದು ಬರುತ್ತವೆ. ಹಾಗಾಗಿ ನವೆಂಬರ್ ಇಲ್ಲಿ ಸುಗ್ಗಿ.

ಮೊದಲ ಸೈರನ್ ಕೂಗಿದ್ದು ಒಂಬತ್ತರ ಸುಮಾರಿಗೆ. ನೀರು ನೊರೆಯಾಗಿ ಏರಿತು. ಎದುರಿನ ವಿದ್ಯುತ್ ಗೋಪುರದಿಂದ ಒಂದು ಹದ್ದು ಜಾರಿ ಬಂತು. ನಾನು ಲೆನ್ಸ್ ತಿರುಗಿಸಿ ಅದನ್ನು ಹುಡುಕುವಷ್ಟರಲ್ಲಿ ಮೀನು ಹಿಡಿದು ಹೊರಟೇ ಹೋಗಿತ್ತು. ಆಮೇಲೂ ಹಾಗೇ ಆಯಿತು. ಮಧ್ಯಾಹ್ನದೊಳಗೆ ಎಂಟುನೂರು ಫೋಟೋ ತೆಗೆದಿದ್ದೆ. ಪರದೆಯಲ್ಲಿ ದೊಡ್ಡದು ಮಾಡಿ ನೋಡಿದರೆ ಒಂದೂ ನೆಟ್ಟಗಿರಲಿಲ್ಲ. ಕೆಲವದರಲ್ಲಿ ಕ್ಯಾಮೆರಾ ಹದ್ದನ್ನು ಬಿಟ್ಟು ಹಿಂದಿನ ಮರಗಳನ್ನು ಹಿಡಿದಿತ್ತು. ಕೆಲವದರಲ್ಲಿ ತಲೆ ಬರೀ ಬಿಳಿ ಸುಣ್ಣದ ಮುದ್ದೆ. ಕಣ್ಣೂ ಇಲ್ಲ, ಗರಿಯೂ ಇಲ್ಲ. ನನಗೆ ನಿಜವಾಗಿ ಬೇಜಾರಾಯಿತು.

ಪಕ್ಕದಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಒಬ್ಬ ಹಿರಿಯರು ಕೂತಿದ್ದರು. ಪೆನ್ಸಿಲ್ವೇನಿಯಾದಿಂದ ಪ್ರತಿ ವರ್ಷ ಬರುವವರು. ನನ್ನ ಮುಖ ನೋಡಿಯೇ ಅವರಿಗೆ ಗೊತ್ತಾಗಿರಬೇಕು. ಕರೆದು ಕೂರಿಸಿಕೊಂಡು ಹೇಳಿಕೊಟ್ಟರು. ಶಟರ್ ವೇಗ 1/1000 ಸೆಕೆಂಡ್ ಸಾಲದು, 1/2500ಕ್ಕೆ ಇಡು. ಎಕ್ಸ್‌ಪೋಷರನ್ನು, ಅಂದರೆ ಎಷ್ಟು ಬೆಳಕು ಬೇಕೆಂಬ ಲೆಕ್ಕವನ್ನು, ಕ್ಯಾಮೆರಾಗೆ ಬಿಡಬೇಡ. ಹದ್ದು ಆಕಾಶದಿಂದ ಇಳಿದು ಕಪ್ಪು ಮರಗಳ ಮುಂದೆ ಬಂದ ಕೂಡಲೇ ಕ್ಯಾಮೆರಾ ಲೆಕ್ಕ ಬದಲಿಸುತ್ತದೆ, ಬಿಳಿ ತಲೆ ಸುಟ್ಟುಹೋಗುತ್ತದೆ. ಮ್ಯಾನ್ಯುಯಲ್‌ಗೆ ಹಾಕಿ, ಮೊದಲು ಒಂದು ಕಡಲಹಕ್ಕಿಯ ಫೋಟೋ ತೆಗೆ. ಅದರ ಬಿಳಿಯಲ್ಲಿ ಗರಿಯ ಗೆರೆ ಕಂಡರೆ ಹದ್ದಿನ ತಲೆಯಲ್ಲೂ ಕಾಣುತ್ತದೆ. ಬಿಸಿಲು ಬದಲಾದಾಗ ಮತ್ತೆ ಒಂದು ಕಡಲಹಕ್ಕಿ. ಇಷ್ಟೇ ಅವರ ಪಾಠ. ನನಗೆ ಮಾತ್ರ ಅದು ದೊಡ್ಡ ಉಪಕಾರ.

ಇನ್ನೊಂದು ಪಾಠ ಮಾವನಿಂದ ಬಂತು. ಅವರು ಬೆಳಗಿನಿಂದ ಕ್ಯಾಮೆರಾ ಮುಟ್ಟದೆ ಸುಮ್ನೆ ಹಕ್ಕಿ ನೋಡುತ್ತಿದ್ದರು. ಒಮ್ಮೆ ಮೂವತ್ತೇಳು ಎಣಿಸಿದರು. ಅದರಲ್ಲಿ ಅರ್ಧದಷ್ಟು ಪೂರ್ತಿ ಕಂದು ಬಣ್ಣದವು, ಬೇರೆ ಜಾತಿ ಅಂದುಕೊಂಡಿದ್ದರು. ಅವೆಲ್ಲ ಮರಿ ಹದ್ದುಗಳು, ತಲೆ ಬೆಳ್ಳಗಾಗಲು ಐದು ವರ್ಷ ಬೇಕು ಎಂದೆ. ತಲೆ ಆಡಿಸಿ ಮತ್ತೆ ಗೋಪುರದ ಕಡೆ ನೋಡಿದರು.

"ಆ ಎಡಗಡೆಯದು ಈಗ ಹಾರ್ತದೆ ನೋಡಿ," ಎಂದರು.

ಹಾರಿತು.

"ಹ್ಯಾಗೆ ಗೊತ್ತಾಯ್ತು ಮಾವ?"

"ಹಿಕ್ಕೆ ಹಾಕ್ತಲ್ಲ. ಆಮೇಲೆ ಮುಂದೆ ಬಾಗ್ತದೆ. ನಮ್ಮ ಅಳಿವೆಯಲ್ಲಿ ಕಡಲ ಹದ್ದೂ ಹೀಗೇ ಮಾಡ್ತದೆ."

ಶರಾವತಿ ಸಮುದ್ರ ಸೇರುವ ಜಾಗದಲ್ಲಿ ಅವರು ನೋಡಿ ಬೆಳೆದದ್ದು ಬಿಳಿ ಹೊಟ್ಟೆಯ ಕಡಲ ಹದ್ದು. ಅದೂ ಈ ಬಿಳಿ ತಲೆಯ ಹದ್ದೂ ಹತ್ತಿರದ ನೆಂಟರು. ಆ ಮಾತು ಕೇಳಿ ಮಾವನಿಗೆ ಆದ ಖುಷಿ ಹೇಳತೀರದು. ಅಲ್ಲಿಂದ ಮುಂದೆ ಗೋಪುರ ನೋಡುವ ಕೆಲಸ ಅವರದ್ದು, ಕ್ಯಾಮೆರಾ ನನ್ನದು.

ಆ ರಾತ್ರಿ ಹ್ಯಾವರ್ ಡಿ ಗ್ರೇಸ್ ಎಂಬ ಪುಟ್ಟ ಊರಿನಲ್ಲಿ ಉಳಿದೆವು. ಮಾವ ಮಲಗುವ ಮೊದಲು ಕೇಳಿದರು, "ಇಷ್ಟು ಹದ್ದು ಇಲ್ಲಿ ಯಾವಾಗಲೂ ಇದ್ದವಾ?" ಇರಲಿಲ್ಲ. 1963ರಲ್ಲಿ ಅಲಾಸ್ಕಾ ಬಿಟ್ಟು ಅಮೆರಿಕದ ಉಳಿದ ರಾಜ್ಯಗಳಲ್ಲಿ ಗೂಡು ಕಟ್ಟುತ್ತಿದ್ದ ಜೋಡಿಗಳು 417 ಮಾತ್ರ. ಗುಂಡಿಗೆ ಸತ್ತವು ಎಷ್ಟೋ. ಉಳಿದವಕ್ಕೆ ಡಿಡಿಟಿ ಎಂಬ ಕೀಟನಾಶಕದ ವಿಷ. ಮೀನಿನ ಮೂಲಕ ಹದ್ದಿನ ಮೈ ಸೇರಿ ಮೊಟ್ಟೆಯ ಚಿಪ್ಪನ್ನೇ ತೆಳ್ಳಗೆ ಮಾಡುತ್ತಿತ್ತು. ತಾಯಿ ಕಾವಿಗೆ ಕೂತರೆ ಮೊಟ್ಟೆ ಒಡೆಯುತ್ತಿತ್ತು. 1972ರಲ್ಲಿ ಡಿಡಿಟಿ ನಿಷೇಧವಾಯಿತು. 2007ರಲ್ಲಿ ಈ ಹದ್ದನ್ನು ಅಳಿವಿನಂಚಿನ ಪಟ್ಟಿಯಿಂದ ತೆಗೆದರು. 2021ರಲ್ಲಿ ಬಂದ ವರದಿಯ ಪ್ರಕಾರ ಜೋಡಿಗಳ ಸಂಖ್ಯೆ 71 ಸಾವಿರ ದಾಟಿದೆ. ಆ ಮೂವತ್ತೇಳನ್ನು ಬೆರಳು ಮಡಚಿ ಎಣಿಸಿದ ಮಾವನಿಗೆ ಈ ಲೆಕ್ಕ ಬಹಳ ಮುಖ್ಯ ಅನ್ನಿಸಿತು. 417 ಎಂಬ ಸಂಖ್ಯೆಯನ್ನು ಇನ್ನೊಮ್ಮೆ ಕೇಳಿಕೊಂಡರು.

ಭಾನುವಾರ ಗಾಳಿ ಪಶ್ಚಿಮದಿಂದ ಬೀಸುತ್ತಿತ್ತು. ಅದೊಂದು ಅದೃಷ್ಟ. ಹದ್ದು ಏಳುವುದೂ ಇಳಿಯುವುದೂ ಗಾಳಿಗೆ ಎದುರಾಗಿ. ನಾವು ನಿಂತದ್ದು ನದಿಯ ಪಶ್ಚಿಮ ದಡ. ಗಾಳಿ ಬೆನ್ನಿಗಿದ್ದರೆ ಹಕ್ಕಿ ನಮ್ಮ ಕಡೆಗೇ ಮುಖ ಮಾಡುತ್ತದೆ. ಮಧ್ಯಾಹ್ನದ ಮೇಲೆ ಬಿಸಿಲೂ ಬೆನ್ನಿಗೆ ಬರುತ್ತದೆ. ಹಾಗಾಗಿ ಬೆಳಗಿನ ಹೊತ್ತು ಹೆಚ್ಚು ಫೋಟೋ ತೆಗೆಯಲಿಲ್ಲ. ಹಾರುವ ಕಡಲಹಕ್ಕಿಗಳ ಜೊತೆಗೆ ಲೆನ್ಸ್ ತಿರುಗಿಸುವುದನ್ನೇ ಅಭ್ಯಾಸ ಮಾಡಿದೆ. ಕಾಲು ಅಲುಗಿಸದೆ ಸೊಂಟದಿಂದ ತಿರುಗಬೇಕು, ಬಟನ್ ಒತ್ತಿದ ಮೇಲೂ ತಿರುಗುತ್ತಲೇ ಇರಬೇಕು.

ಎರಡು ಗಂಟೆಗೆ ಸೈರನ್.

"ಮೇಲಿನ ಕಂಬಿಯ ಬಲತುದಿ. ಹಿಕ್ಕೆ ಹಾಕ್ತು," ಎಂದರು ಮಾವ.

ಲೆನ್ಸ್ ಅಲ್ಲೇ ಇತ್ತು. ಹದ್ದು ಬಾಗಿತು, ಬಿತ್ತು, ರೆಕ್ಕೆ ಬಿಚ್ಚಿತು. ಫೋಕಸ್ ಕಣ್ಣಿನ ಮೇಲೆ ಕೂತಿತು. ನೀರಿಗೆ ಒಂದಾಳು ಎತ್ತರದಲ್ಲಿ ಹಳದಿ ಕಾಲು ಮುಂದೆ ಬಂತು, ಉಗುರು ಬಿಚ್ಚಿತು. ಆಗ ಒತ್ತಿದೆ. ಮೀನು ಎದ್ದು ಬಂತು, ಹನಿಗಳು ಸಾಲಾಗಿ ಹಿಂದೆ ಬಂದವು. ಕಂದು ಬಣ್ಣದ ಮರಿಯೊಂದು ಅಟ್ಟಿಸಿಕೊಂಡು ಬಂತು. ಎರಡೂ ಕೂಗಿದವು, ಸಣ್ಣ ಸಿಳ್ಳೆಯಂಥ ದನಿ. ದೊಡ್ಡದು ಮಗ್ಗುಲಾಗಿ ತಿರುಗಿ ತಪ್ಪಿಸಿಕೊಂಡು ಕಾಡಿನೊಳಗೆ ಹೋಯಿತು.

ಪರದೆ ನೋಡಲು ಧೈರ್ಯ ಬರಲಿಲ್ಲ. ಕ್ಯಾಮೆರಾ ಮಾವನ ಕೈಗೆ ಕೊಟ್ಟೆ. ದೊಡ್ಡದು ಮಾಡುವುದು ಹೇಗೆ ಎಂದು ತೋರಿಸಿದೆ. ಅವರು ಒಂದೊಂದಾಗಿ ಸರಿಸುತ್ತಾ ಹೋದರು. ಒಂದರಲ್ಲಿ ನಿಂತರು. ತಲೆಯ ಗರಿಗಳೆಲ್ಲ ಬಿಡಿಬಿಡಿಯಾಗಿ ಇದ್ದವು. ಕಣ್ಣಿನಲ್ಲಿ ಬಿಸಿಲಿನ ಚುಕ್ಕೆ. ಮೀನು ಇನ್ನೂ ನೀರಿನಲ್ಲೇ ಇತ್ತು, ಉಗುರು ಅದಕ್ಕೆ ಗೇಣು ದೂರ.

ಆ ಫೋಟೋವನ್ನು ಹೊನ್ನಾವರದ ಪಕ್ಕದ ಕಾಸರಕೋಡಿನ ಗೆಳೆಯನಿಗೆ ಕಳಿಸಬೇಕೆಂದು ಮಾವ ಅಲ್ಲೇ ಹಟ ಹಿಡಿದರು. ಫೋನಿಗೆ ಇಳಿಸಿಕೊಟ್ಟೆ. ಡೆಲವೇರ್ ಸೇತುವೆ ದಾಟುವಾಗ ಫೋನ್ ಬಂತು. ಅಲ್ಲಿ ಬೆಳಗಿನ ನಾಲ್ಕು, ದೋಣಿಗೆ ಹೊರಡುವ ಹೊತ್ತು. ಸ್ಪೀಕರಿನಲ್ಲಿ ಗೆಳೆಯನ ಮೊದಲ ಪ್ರಶ್ನೆ, "ಮೀನು ಯಾವ್ದು?"

"ಶ್ಯಾಡ್ ಹೇಳ್ತಾರಂತೆ. ನಮ್ಮ ತಾರ್ಲೆ ಮೀನಿನ ಕುಟುಂಬದ್ದೇ ಮಾರಾಯ," ಎಂದರು ಮಾವ. "ಗಾತ್ರ ಮಾತ್ರ ಜಾಸ್ತಿ."