ಕೋರ್ಟ್ ಹೊರಗಿನ ಬೆಂಚು

ಕೇಸ್ ಇವತ್ತು ಮತ್ತೆ ಮುಂದಕ್ಕೆ ಹೋಯಿತು, ಮೂರನೇ ಸಲ.

ಅಮ್ಮ ಊರಲ್ಲಿ ಎಲ್ಲರಿಗೂ ನನ್ನ ಮಗಳು ಅಮೆರಿಕದಲ್ಲಿ ಲಾಯರ್ ಅಂತಲೇ ಹೇಳೋದು. ಅಲ್ಲಮ್ಮ! ಪ್ರಾಸಿಕ್ಯೂಟರ್, ಅಂದರೆ ಸರ್ಕಾರದ ಪರ ಕೇಸ್ ನಡೆಸುವ ವಕೀಲರ ಆಫೀಸಿನಲ್ಲಿ, ಅಪರಾಧದಿಂದ ನೊಂದವರ ಜೊತೆಗಿರುವ ಕೆಲಸ ನನ್ನದು. ಮುಂದಿನ ತಾರೀಖು ತಿಳಿಸಬೇಕು, ಆಸ್ಪತ್ರೆ ಬಿಲ್ಲಿಗೆ ಪರಿಹಾರದ ಅರ್ಜಿ ತುಂಬಿಸಬೇಕು (ಅದರಲ್ಲಿ ಒಂದು ಪಾಲು ಬರುವುದು 1984ರ ಕಾನೂನಿನಿಂದ ಹುಟ್ಟಿದ ನಿಧಿಯಿಂದ, ಅದನ್ನು ತುಂಬುವುದು ತೆರಿಗೆಯಲ್ಲ, ಹೆಚ್ಚಾಗಿ ಫೆಡರಲ್, ಅಂದರೆ ಕೇಂದ್ರ ಸರ್ಕಾರದ ಕಾನೂನು ಮುರಿದ ಅಪರಾಧಿಗಳು ಕಟ್ಟುವ ದಂಡ), ಶಿಕ್ಷೆ ಹೇಳುವ ಮುಂಚೆ ಜಡ್ಜ್ ಎದುರು ಓದಲು ಅವರು ತಮ್ಮ ನೋವನ್ನು ಬರೆಯುವಾಗ ಪಕ್ಕದಲ್ಲಿ ಸುಮ್ನೆ ಕೂತಿರಬೇಕು.

ಜಾಸ್ತಿ ಕಷ್ಟ ಆಗೋದು ಮೊದಲ ದಿನದ ಮಾತು. 'ನಾನು ನಿಮ್ಮ ಜೊತೆಗಿದ್ದೇನೆ, ಆದರೆ ನಿಮ್ಮ ಲಾಯರ್ ಅಲ್ಲ. ಕೇಸಿನ ಬಗ್ಗೆ ಹೊಸದೇನಾದರೂ ಹೇಳಿದರೆ ಪ್ರಾಸಿಕ್ಯೂಟರ್‌ಗೆ ತಿಳಿಸಲೇಬೇಕು, ಅಲ್ಲಿಂದ ಆರೋಪಿಯ ವಕೀಲರಿಗೂ ಹೋಗಬಹುದು.' ಎದೆ ತುಂಬಾ ಮಾತು ಹೊತ್ತು ಬಂದವರಿಗೆ ಹೀಗೆ ಹೇಳೋದು ಎಂಥ ಕೆಲಸ ನೋಡಿ.

ಇವತ್ತಿನವರು ಅದನ್ನು ಮರೆತಿಲ್ಲ. ಬೆಂಚಿನ ಮೇಲೆ ಎರಡು ಗಂಟೆ ಕಾದೆವು, ಕೇಸಿನ ಬಗ್ಗೆ ಒಂದಕ್ಷರ ಆಡಲಿಲ್ಲ. ತಮ್ಮ ಹಿತ್ತಲಿನ ಟೊಮೇಟೊ ಗಿಡದ ಫೋಟೋ ತೋರಿಸಿದರು, ಒಟ್ಟು ಹದಿನಾಲ್ಕು.